ದೃಷ್ಟಿಗೊಂದು ಎಸಳು

ನಿನ್ನೆ ಮಧ್ಯಾಹ್ನ ಒಂದು ನಕ್ಷತ್ರ ಹೊಲಿಯಕ್ಕೆ ಕೂತ್ಕೊಂಡೆ. ಆಕಾಶದ್ದಲ್ಲ, ಬಟ್ಟೇದು. ಎಂಟೆಸಳಿಂದು. ನಮ್ಮ ಚೈತ್ರ, ಅಂದ್ರೆ ಮೊಮ್ಮಗನ ಹೆಂಡ್ತಿ, ದಿನ ತುಂಬ್ತಿರೋ ಬಸುರಿ, ಫೋನಲ್ಲಿ ಯಾವುದೋ ದೇಶದ ಹೆಂಗಸು ಹೊಲೀತಿದ್ದಿದ್ದು ತೋರಿಸಿ, "ಅಜ್ಜಿ, ಪಾಪುಗೆ ಇಂಥದ್ದೊಂದು ಆರ್ಡರ್ ಮಾಡ್ಲಾ?" ಅಂದ್ಲು. ನೋಡ್ತೀನಿ, ನಮ್ಮತ್ತೆ ಹೊಲೀತಿದ್ದ ಬೊಂತೆ! ಹಳೇ ಸೀರೆ, ಪಂಚೆ ಪದರ ಪದರ ಸೇರಿಸಿ ಹೊಲಿಯೋ ಹೊದಿಕೆಗೆ ನಮ್ಮ ಕಡೆ ಬೊಂತೆ ಅಂತೀವಿ. "ಅದನ್ನೂ ತರಿಸ್ತಾರೇನೇ? ನಾನೇ ಹೊಲಿದುಕೊಡ್ತೀನಿ" ಅಂತ ಜಂಬ ಕೊಚ್ಚಿಬಿಟ್ಟೆ.

ಕೊಚ್ಚೋದು ಸುಲಭ, ಹೊಲಿಯೋದು ಕಷ್ಟ. ಎಸಳು ಓರೆಯಾಗಿ ಕತ್ತರಿಸಿದ ಬಟ್ಟೆ, ಎಳೆದ ಕಡೆ ಎಳ್ಕೊಂಡು ಬರ್ತದೆ. ಎಂಟು ತುದೀನೂ ಮಧ್ಯಕ್ಕೆ ಬಂದು ಕೂಡ್ಬೇಕು. ಒಂದು ನೂಲೆಳೆ ಹೆಚ್ಚುಕಮ್ಮಿ ಆಯ್ತೋ, ನಡು ಅನ್ನೋದು ಪೂರಿ ಹಂಗೆ ಉಬ್ಬಿಕೊಂಡು ಕೂತ್ಕೊತದೆ. ಅಂಗೈಲಿ ಒತ್ತಿದ್ರೆ ಇಳೀತದೆ, ಕೈ ತೆಗೆದ್ರೆ ಮತ್ತೆ ಎದ್ದೇಳ್ತದೆ, ನಮ್ಮೆಜಮಾನ್ರ ಸಿಟ್ಟಿನ ಹಂಗೆ. ಈ ಫೋನಲ್ಲಿ ಬರೆಯೋದೂ ಹಂಗೇನೆ. ಚೈತ್ರನೇ ಕಲಿಸಿದ್ದು. ಕೋಳಿ ಕಾಳು ಹೆಕ್ಕಿದ ಹಂಗೆ ಒಂದೇ ಬೆರಳಲ್ಲಿ ಕುಟ್ತಾ ಇದೀನಿ. ಒತ್ತಕ್ಷರ ಎಲ್ಲಾದ್ರೂ ಬಿಟ್ಟೋಗಿದ್ರೆ ನೀವೇ ಹಾಕ್ಕೊಂಡು ಓದ್ಕೊಳ್ಳಿ, ಕಣ್ಣಿರೋರು ನೀವು.

ಏಳು ಎಸಳು ಮುಗೀತು. ಎಂಟನೇದಕ್ಕೆ ಯಾವ ಬಟ್ಟೆ ಅಂತ ಚೈತ್ರ ಕೇಳಿದ್ಲು. "ಎಂಟನೇದು ಬೇರೆ ಇರ್ಬೇಕು ಕಣೇ, ಅದು ದೃಷ್ಟಿ ಎಸಳು" ಅಂದು, ಜೀವಮಾನವೆಲ್ಲಾ ನಗ್ತಾ ಹೇಳ್ಕೊಂಡು ಬಂದ ಒಂದು ಕತೆ ಅವಳಿಗೂ ಹೇಳಕ್ಕೆ ಶುರು ಮಾಡ್ದೆ. ಅದನ್ನೇ ನಿಮಗೂ ಹೇಳ್ತೀನಿ. ಆದ್ರೆ ನಿನ್ನೆಯಿಂದ ಅದು ನಗೋ ಕತೆಯಾಗಿ ಉಳಿದಿಲ್ಲ. ನೆನೆಸ್ಕೊಂಡ್ರೆ ಮುಖ ಎಲ್ಲಿಡ್ಲಿ ಅನ್ನಿಸ್ತದೆ.

ನಾನು ಕುಂದಾಣದ ಕಡೆಯೋಳು. ನಮ್ಮೋರೂ ಒಂದು ಕಾಲಕ್ಕೆ ನೇಯೋರೇ ಅಂತೆ. ನಮ್ಮ ಮುತ್ತಾತನೇ ಮಗ್ಗ ಬಿಟ್ಟು ನೇಗಿಲು ಹಿಡಿದಿದ್ದ. ಹಂಗಾಗಿ ನಮ್ಮಪ್ಪನಿಗೆ ಮಣ್ಣು ಮುಟ್ಟಿದ್ರೆ ಮಳೆ ಗೊತ್ತಾಗೋದು, ಬಟ್ಟೆ ಮುಟ್ಟಿದ್ರೆ ಏನೂ ಗೊತ್ತಾಗ್ತಿರಲಿಲ್ಲ. ಅಂಥೋನು ಮಗಳನ್ನ ತಂದು ಕೊಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ. ಇಲ್ಲಿ ಮನೆಗೆ ಬಂದೋರ ಮುಖ ಆಮೇಲೆ ನೋಡ್ತಾರೆ, ಮೊದಲು ಉಟ್ಟಿರೋ ಸೀರೆ ನೋಡ್ತಾರೆ.

ಮದುವೆಯಾದ ಮೊದಲನೇ ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತಂದ. ಅದರ ಜೊತೆಗೆ ಒಂದು ಸೀರೆ. ಸಂತೇಲಿ ತಕ್ಕೊಂಡಿದ್ದಂತೆ. ಗಿಣಿ ಹಸಿರು, ಅಂಥಿಂಥ ಗಿಣಿಯಲ್ಲ, ಈಗ್ತಾನೆ ಬಣ್ಣದ ತೊಟ್ಟೀಲಿ ಬಿದ್ದು ಎದ್ದು ಬಂದ ಗಿಣಿ. ನಮ್ಮತ್ತೆ ಸೀರೆ ಅಂಚನ್ನ ಎರಡು ಬೆರಳಲ್ಲಿ ಹಿಡಿದು ಒಂದ್ಸಲ ತಿಕ್ಕಿ ನೋಡಿದ್ರು, ಅಷ್ಟೇ. "ಬಣ್ಣ ಜೋರಾಗಿದೆ ಬೀಗ್ರೇ" ಅಂದ್ರು. ಅಪ್ಪ ಹೊಗಳಿದ್ರು ಅಂದ್ಕೊಂಡು ಹಿಗ್ಗಿಹೋದ. "ಹೂಂ ತಾಯಿ, ದೂರಕ್ಕೂ ಕಾಣ್ಬೇಕು ಅಂತ್ಲೇ ಆರಿಸ್ದೆ" ಅಂದ. ನಾನು ನೆಲ ನೋಡ್ತಾ ನಿಂತಿದ್ದೆ.

ಮೊದಲನೇ ಒಗೆತಕ್ಕೇ ಬಕೀಟು ಪೂರ್ತಿ ಹಸಿರು. ಜೊತೇಲಿದ್ದ ಮಾವನ ಬಿಳೀ ಪಂಚೆಯೂ ಹಸಿರು. ಪಾಪ, ಆ ಮನುಷ್ಯ ಅದನ್ನೇ ಉಟ್ಕೊಂಡು ಓಡಾಡಿದ್ರು. ಬೀದಿ ಹುಡುಗ್ರು "ಗಿಣಿ ತಾತ ಬಂದ್ರು" ಅನ್ನೋರು. ಸೀರೆ ಮುದುರಿ, ಬಣ್ಣ ಅಲ್ಲಲ್ಲಿ ಹೋಗಿ, ಉಡಂಗಿರಲಿಲ್ಲ. ಅತ್ತೆ ಅದನ್ನ ಬೊಂತೆ ಬಟ್ಟೆ ಗಂಟಿಗೆ ಸೇರಿಸಿದ್ರು.

ಆ ವರ್ಷ ಅತ್ತೆ ನಕ್ಷತ್ರದ ಬೊಂತೆ ಹಿಡಿದ್ರು. ಸೀರೆ ಡಬ್ಬದ ರಟ್ಟಲ್ಲಿ ಎಸಳಿನ ಅಚ್ಚು ಕತ್ತರಿಸಿ, ಅದನ್ನಿಟ್ಟು ಬಟ್ಟೆ ಕತ್ತರಿಸೋರು. ಎಲ್ಲಾ ನಮ್ಮ ಮಗ್ಗದ್ದೇ ಸೀರೆಗಳು, ಕನಕಾಂಬರ, ಈರುಳ್ಳಿ ಬಣ್ಣ, ಒಂದಕ್ಕೊಂದು ಹೊಂದ್ಕೊಳ್ಳೋವು. ಏಳು ಎಸಳಾದ ಮೇಲೆ ಅತ್ತೆ ಸೂಜಿ ಇಟ್ಟು ಹೇಳಿದ್ರು: "ಎಲ್ಲಾ ಚೆಂದಾಗಿದ್ರೆ ಕಣ್ಣು ಬೀಳ್ತದೆ. ಒಂದಾದ್ರೂ ಕೆಟ್ಟದಿರ್ಬೇಕು." ಗಂಟು ಕೆದಕಿ, ಆ ಹಸಿರು ಸೀರೆ ಮೇಲಕ್ಕೆತ್ತಿ ಹಿಡಿದ್ರು. "ದೃಷ್ಟಿಗೆ ಇದಕ್ಕಿಂತ ಬೇಕೇನೇ?" ಅಂತ ಬಿದ್ದು ಬಿದ್ದು ನಕ್ಕರು.

ನಾನೂ ನಕ್ಕೆ. ಬರೀ ನಕ್ಕಿದ್ರೆ ಹೋಗ್ಲಿ, ಆ ಹಸಿರು ಎಸಳೆಲ್ಲಾ ಹೊಲಿದೋಳೂ ನಾನೇ. ಒಂದೊಂದು ನಕ್ಷತ್ರಕ್ಕೂ ಒಂದೊಂದು.

ಅವರೆಕಾಯಿ ಕಾಲಕ್ಕೆ ಅಪ್ಪ ಮೂಟೆ ಹೊತ್ಕೊಂಡು ಬಂದ. ಬೀಗರು ಬಂದ್ರಲ್ಲಾ ಅಂತ ಅತ್ತೆ ಹೊಸಾ ಬೊಂತೇನೇ ನಡುಮನೇಲಿ ಹಾಸಿದ್ರು. ಹೊಲಿಗೆ ತೋರಿಸೋ ಆಸೆ ಅವ್ರಿಗೆ, ಹಸಿರೆಸಳು ಮರ್ತೇ ಹೋಗಿತ್ತು. ನನಗೂ ಮರ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಹಿಂದಿನ ಶೆಡ್ಡಲ್ಲಿ ಮಗ್ಗಗಳು ಧಡಧಡ ಅಂತಿದ್ವು. ನಮ್ಮನೇಲಿ ಮಾತು ಅಂದ್ರೆ ಕಿರುಚೋದೇ. ಅಪ್ಪ ಕಿರುಚ್ಕೊಂಡೇ ಊರಿನ ಸಮಾಚಾರ ಹೇಳ್ತಾ, ಕೈಯಲ್ಲಿ ಬೊಂತೆ ಸವರ್ತಿದ್ದ. ಸವರ್ತಾ ಸವರ್ತಾ ಹೆಬ್ಬೆರಳು ನಿಂತ್ಕೊಂಡ್ಬಿಡ್ತು. ಅದೇ ಹೊತ್ತಿಗೆ ಕರೆಂಟ್ ಹೋಯ್ತು. ಮಗ್ಗ ಎಲ್ಲಾ ಒಟ್ಟಿಗೇ ಸುಮ್ಮನಾದ್ವು.

"ಇದು ನಮ್ಮ ಸೀರೆ ಅಲ್ವೇನವ್ವಾ?"

ಕಾಫಿ ಲೋಟ ತರ್ತಿದ್ದ ಅತ್ತೆ ಬಾಗಿಲಲ್ಲೇ ನಿಂತ್ರು. ನನ್ನ ಬಾಯಿಂದ ಅದೆಲ್ಲಿಂದ ಬಂತೋ, "ಹೂಂ ಕಣಪ್ಪ. ಸೀರೆ ಉಡ್ತಾ ಇದೀನಿ. ಸೆರಗು ಉದ್ದ ಬಂದಿತ್ತಲ್ಲ, ಅದರಲ್ಲೇ ಕತ್ತರಿಸಿ, ನಿನ್ನ ನೆನಪು ಎಲ್ಲದರಾಗೂ ಇರ್ಲಿ ಅಂತ ಒಂದೊಂದು ಎಸಳು ನಾನೇ ಹಾಕ್ದೆ" ಅಂದೆ.

ಅಪ್ಪ ಬೊಂತೆ ಪೂರ್ತಿ ಒಂದ್ಸಲ ಕಣ್ಣಾಡಿಸಿದ. ಆಮೇಲೆ ನಕ್ಕ. "ಹೌದೇನವ್ವ? ಒಳ್ಳೇ ಕೆಲ್ಸ ಮಾಡ್ದೆ. ದೂರಕ್ಕೂ ಕಾಣ್ತೈತೆ ನೋಡು" ಅಂದ. ಅತ್ತೆ ಕಡೆ ತಿರುಗಿ, "ಹೊಲಿಗೆ ಬಲು ಅಚ್ಚುಕಟ್ಟು ತಾಯಿ" ಅಂದು ಕಾಫಿ ಇಸ್ಕೊಂಡ.

ಅಪ್ಪ ಹೋದ ಮೇಲೆ ಅಡುಗೆಮನೇಲಿ ಅತ್ತೆ, "ಪರ್ವಾಗಿಲ್ವೇ, ನಿನ್ನ ನಾಲಿಗೆ ಸೂಜಿಗಿಂತ ಚುರುಕು" ಅಂದ್ರು. ಆ ಮನೇಲಿ ನನಗೆ ಸಿಕ್ಕಿದ ಮೊದಲನೇ ಶಭಾಸ್ಗಿರಿ ಅದು. ಆಮೇಲೆ ಮದುವೆ, ಸೀಮಂತ, ನಾಮಕರಣ, ಹೆಂಗಸ್ರು ನಾಲ್ಕು ಜನ ಕೂಡಿದ ಕಡೆಯೆಲ್ಲಾ ಈ ಕತೆ ಹೇಳಿ ನಗಿಸಿದೀನಿ. ಅಪ್ಪನ ದನಿ ಅಣಕಿಸೋದು ಬೇರೆ. "ದೂರಕ್ಕೂ ಕಾಣ್ತೈತೆ ನೋಡೂ!" ಅಂದ ತಕ್ಷಣ ಎಲ್ರೂ ಹೊಟ್ಟೆ ಹಿಡ್ಕೊಳ್ಳೋರು.

ನಿನ್ನೆ ಚೈತ್ರ ನಗಲಿಲ್ಲ. "ಮುಂದಿನ ಹಬ್ಬಕ್ಕೆ ಮತ್ತೆ ಎಂಥ ಸೀರೆ ತಂದ್ರು ನಿಮ್ಮಪ್ಪ?" ಅಂದ್ಲು.

"ತರಲಿಲ್ಲ. 'ಸೀರೆ ನೇಯೋರ ಮನೆಗೆ ಸೀರೆ ಹೊತ್ಕೊಂಡು ಬರೋದು ಏನು ಚೆಂದವ್ವ' ಅಂದು ಎರಡು ಚಕ್ಕೋತ ತಂದಿದ್ದ. ಆಮೇಲೆ ಪ್ರತಿ ಗೌರಿಗೂ ಚಕ್ಕೋತನೇ. ಸದ್ಯ ಬದುಕಿದೆ ಅಂದ್ಕೊಂಡು ಉಪ್ಪು ಖಾರ ಹಾಕ್ಕೊಂಡು ತಿಂತಿದ್ದೆ."

"ನಿಮ್ಮೂರಲ್ಲಿ ಬೊಂತೆ ಹೊಲೀತಿರಲಿಲ್ವಾ ಅಜ್ಜಿ?"

"ಯಾಕಿಲ್ಲ? ಅಮ್ಮ ನಾನು ಚಿಕ್ಕೋಳಿದ್ದಾಗ್ಲೇ ಹೋದ್ಲಲ್ಲ, ಅಪ್ಪನೇ ಹೊಲೀತಿದ್ದ. ಬೇಸಿಗೇಲಿ ಹೊಂಗೆ ಮರದ ಕೆಳಗೆ ಕೂತು, ದಬ್ಬಳ ಹಿಡಿದು. ನಕ್ಷತ್ರ ಗಿಕ್ಷತ್ರ ಇಲ್ಲ, ಚೌಕ ಚೌಕ. ಕೊನೆಗೆ ಮೂಲೇಲಿ ಒಂದು ಕರೀ ಕಂಬಳಿ ಚೂರು ಇಟ್ಟು..."



ಆ ಕಂಬಳಿ ಚೂರು ಯಾಕೆ ಅಂತ ಚಿಕ್ಕೋಳಿದ್ದಾಗ ನಾನೇ ಕೇಳಿದ್ದೆ. "ನನ್ನ ಮಗಳು ಹೊದ್ಕೊಳ್ಳೋದಲ್ವಾ, ಕಣ್ಣು ಬೀಳ್ಬಾರ್ದು" ಅಂದಿದ್ದ. ಬಟ್ಟೆ ಬಣ್ಣ ಬಿಡ್ತದೆ ಅಂತ ಗೊತ್ತಾಗದ ಮನುಷ್ಯನೇ ಇರ್ಬಹುದು. ಆದ್ರೆ ಏಳು ಚೆಂದದ ಎಸಳಿನ ಮಧ್ಯೆ ಒಂದು ಕೆಟ್ಟ ಎಸಳು ಯಾಕೆ ಕೂತಿದೆ ಅಂತ ಗೊತ್ತಾಗಲ್ವಾ ಅವನಿಗೆ? ಹೆಬ್ಬೆರಳು ನಿಂತಾಗ್ಲೇ ಗೊತ್ತಾಗಿತ್ತು. ಅಪ್ಪನ ಕಣ್ಣಿಗೆ ಮಣ್ಣೆರಚಿದೆ ಅಂತ ನಾನು ಬೀಗ್ತಿದ್ದೆ. ಅವನು ನಂಬಿದೋನ ಹಂಗೆ ನಕ್ಕು, ಅತ್ತೆ ಎದುರಿಗೆ ನನ್ನ ಮಾನ ಕಾದು, ಕಾಫಿ ಕುಡಿದು ಎದ್ದುಹೋಗಿದ್ದ. ಆ ನಗುವನ್ನ ಇಷ್ಟು ವರ್ಷ ಊರೂರಲ್ಲಿ ಅಣಕಿಸಿದೀನಿ. ಬದುಕಿದ್ದಿದ್ರೆ ಕಾಲಾದ್ರೂ ಹಿಡ್ಕೊಬಹುದಿತ್ತು.

ಚೈತ್ರ ತನ್ನ ಹಳೇ ಕರೀ ದುಪಟ್ಟಾ ಮುಂದಕ್ಕೆ ತಳ್ಳಿ, "ಎಂಟನೇದಕ್ಕೆ ಇದು ಆಗುತ್ತಾ?" ಅಂದ್ಲು.

"ಬೇಡ. ಏಳಕ್ಕೂ ಹಾಕಿದ್ದನ್ನೇ ಹಾಕೋಣ."

"ದೃಷ್ಟಿ ಆಗಲ್ವಾ?"

"ಆದ್ರೆ ಆಗ್ಲಿ ಬಿಡು, ಮೆಣಸಿನಕಾಯಿ ನೀವಾಳಿಸ್ತೀನಿ" ಅಂದೆ. ಆ ಕರೀ ದುಪಟ್ಟಾ ಅವಳ ಕಡೆಗೇ ತಳ್ಳಿಬಿಟ್ಟೆ.

"ಏನಾಯ್ತಜ್ಜಿ?"

"ಏನಿಲ್ಲ ಕಣೇ. ಸೂಜಿ ಕಣ್ಣು ಕಾಣಿಸ್ತಿಲ್ಲ, ದಾರ ಪೋಣಿಸೋಕೆ ಆಗ್ತಿಲ್ಲ."

ಸೂಜಿ ನನ್ನ ಕೈಯಲ್ಲೇ ಇತ್ತು. ದಾರವೂ ಅದರಲ್ಲೇ ಇತ್ತು, ಗಂಟು ಸಮೇತ. ಚೈತ್ರ ಸೂಜಿ ನೋಡಿದ್ಲು, ನನ್ನ ಮುಖ ನೋಡಿದ್ಲು. "ಕೊಡಿ ಇಲ್ಲಿ" ಅಂತ ಇಸ್ಕೊಂಡು, ಇದ್ದ ದಾರ ಮೆಲ್ಲಗೆ ಹೊರಗೆಳೆದು, ತುದಿ ಬಾಯಲ್ಲಿ ಒದ್ದೆ ಮಾಡಿ, ಮತ್ತೆ ಪೋಣಿಸಿ ಕೊಟ್ಲು.