ಅಜ್ಜಿಯ ಎದೆಯ ಮೇಲೆ ಕೆಂಪು ವೃತ್ತ

ಹುಣಸೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಜ್ಜಿಯ ಎದೆಯ ಎಕ್ಸ್‌ರೇ ಮೇಲೆ ಕಂಪ್ಯೂಟರ್ ತಾನೇ ಕೆಂಪು ವೃತ್ತ ಎಳೆದು 'ಗಡ್ಡೆ ಇರಬಹುದು' ಎಂದಿತು. ಯಂತ್ರವೇ ಹೇಳಿದ ಮೇಲೆ ಮುಗೀತಲ್ಲ, ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೊರಡೋಣ ಎಂದು ನಾನು ವಾದಕ್ಕಿಳಿದೆ. ಅಷ್ಟರಲ್ಲಿ ರೇಡಿಯಾಲಜಿಸ್ಟ್ ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದರು.

"ಗಡ್ಡೆಗೆ ಎಲ್ಲಾದ್ರೂ ಮುಚ್ಚಳ ಇರುತ್ತೇನ್ರೀ? ಅಜ್ಜಿ, ಕುತ್ತಿಗೇಲಿರೋದೆಲ್ಲ ಬಿಚ್ಚಿ ಅಂದಿದ್ರಲ್ವಾ?"

"ಸರ ಬಿಚ್ಚಿವ್ನಿ ಕಣವ್ವ. ತಾಯ್ತ ಒಡವೆ ಅಲ್ವಲ್ಲ, ಅದು ದೇವ್ರು!"

ಮುಚ್ಚಳವಿದ್ದ ಆ ತಾಯಿತ ಬಿಚ್ಚಿಸಿ ಮತ್ತೊಂದು ಎಕ್ಸ್‌ರೇ ತೆಗೆದರು. ಗಡ್ಡೆ ಇರಲಿಲ್ಲ. ತಾಯಿತವನ್ನು ಗೇಲಿ ಮಾಡುವ ನಾನು, ಕಂಪ್ಯೂಟರನ್ನು ಮಾತ್ರ ಒಂದು ಪ್ರಶ್ನೆಯೂ ಕೇಳದೆ ನಂಬಿದ್ದೆ.

ತಾಯಿತವನ್ನು ಮತ್ತೆ ಕಟ್ಟಿಕೊಳ್ಳುತ್ತಾ ಅಜ್ಜಿ, "ನೋಡ್ಲಾ, ಗಡ್ಡೆನೇ ಮಾಯ ಮಾಡ್ಬುಡ್ತು!" ಎಂದಳು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು, ಅದರ ದಾರದ ಗಂಟು ಬಿಗಿ ಮಾಡಿಕೊಟ್ಟೆ.