ಮಾಯಿ ಶುವಾಯಿಯ ಟೊಮೆಟೊ ಮತ್ತು ತೆರೆಯದ ಸುದ್ದಿ

ನಮ್ಮ ಮುತಾರೆಯ ಸಕುಬ್ವಾ ಮಾರುಕಟ್ಟೆಯಲ್ಲಿ ಟೊಮೆಟೊ ಕೊಳ್ಳುವುದಾದರೆ ಮಾಯಿ ಶುವಾಯಿಯ ಹತ್ತಿರ ಕೊಳ್ಳಬೇಕು. ಮಾಯಿ ಅಂದರೆ ತಾಯಿ; ಹಿರಿಮಗಳು ಶುವಾಯಿಯ ತಾಯಿ, ಹಾಗಾಗಿ ಆ ಹೆಸರು. ಸ್ವಂತ ಹೆಸರು ಕೇಳಿದರೆ ಆಕೆಯೇ ಒಂದು ಗಳಿಗೆ ಯೋಚಿಸುತ್ತಾಳೆ. ಹದಿನೆಂಟು ವರ್ಷದಿಂದ ಅದೇ ಕಟ್ಟೆ, ಅದೇ ಹಸಿರು ತಟ್ಟೆಗಳು. ಜಿಮುನ್ಯಾದ ಹೊಲಗಳಿಂದ ಬೆಳಗಿನ ಲಾರಿಯಲ್ಲಿ ಬಂದ ಹಣ್ಣನ್ನು ಒಂದೊಂದಾಗಿ ಒರೆಸಿ ಗೋಪುರದ ಹಾಗೆ ಪೇರಿಸುತ್ತಾಳೆ. ಕೊಂಡವರ ಚೀಲಕ್ಕೆ ಕೊಸರು ಬೀಳದೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಇಂಥವಳ ಟೊಮೆಟೊ ಮೂರು ದಿನ ಕೊಳೆಯಿತು. ಕೊಳೆಸಿದ್ದು ಮಳೆಯಲ್ಲ, ಬಿಸಿಲಲ್ಲ. ನಾನು ವಾರಕ್ಕೊಂದು ಅಂಕಣ ಬರೆಯುವ ಪತ್ರಿಕೆ.

ಅದನ್ನು ಕಾಗದದಲ್ಲಿ ಓದುವವರು ಮುತಾರೆಯಲ್ಲಿ ಈಗ ಬೆರಳೆಣಿಕೆಯಷ್ಟು. ಸುದ್ದಿ ಬರುವುದು ವಾಟ್ಸಾಪ್ ಗುಂಪುಗಳಿಗೆ: ಒಂದು ಸಾಲು ತಲೆಬರಹ, ಕೆಳಗೊಂದು ಲಿಂಕ್. ನಮ್ಮ ಜನ ಹಾಕಿಸಿಕೊಳ್ಳುವುದೋ, ವಾಟ್ಸಾಪ್ ಮಾತ್ರ ನಡೆಯುವ ಅಗ್ಗದ ಡೇಟಾ ಪ್ಯಾಕ್. ಲಿಂಕ್ ಒತ್ತಿದರೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಹಾಗಾಗಿ ಊರು ಓದುವುದು ತಲೆಬರಹವನ್ನಷ್ಟೆ. ಕಚೇರಿಯಲ್ಲಿ ಕೂತವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅವರ ಮನೆಯಲ್ಲೂ ಅದೇ ಪ್ಯಾಕ್.

ಸೋಮವಾರ ಬಂದ ಸಾಲು ಇದು: ‘ಸಕುಬ್ವಾ ಟೊಮೆಟೊದಲ್ಲಿ ಕಾಲರಾ? ಆರೋಗ್ಯ ಅಧಿಕಾರಿಗಳು ಕಂಡದ್ದೇನು?’

ಮಧ್ಯಾಹ್ನದೊಳಗೆ ಮಾಯಿಯ ಕಟ್ಟೆಯ ಮುಂದೆ ನೊಣಗಳನ್ನು ಬಿಟ್ಟರೆ ಗಿರಾಕಿಯೇ ಇಲ್ಲ. ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂರುವ ಮಾಯಿ ಗರಿಕಾಯಿ ಕೂಡ ಎಲೆಕೋಸು ನೋಡುವವಳಂತೆ ಮುಖ ತಿರುಗಿಸಿ ನಡೆದಳು. ಮಾಯಿ ಶುವಾಯಿ ಬಿಡುತ್ತಾಳೆಯೇ?

“ಏನಮ್ಮಾ, ಇವತ್ತು ನಿಮ್ಮನೇಲಿ ಸಾಡ್ಜಾ ಮುದ್ದೆ ಜೊತೆ ಬರೀ ಉಪ್ಪಾ?”

“ಪತ್ರಿಕೇಲಿ ಬಂದಿದೆಯಲ್ಲ ಮಾಯಿ, ಕಾಲರಾ ಅಂತ.”

“ಇದೆ ಅಂತಲೋ, ಇಲ್ಲ ಅಂತಲೋ?”

“ಅದು ತೆರೀಲೇ ಇಲ್ಲ. ಆದ್ರೂ ಬೆಂಕಿ ಇಲ್ದೆ ಹೊಗೆ ಆಡುತ್ತಾ?”

ಮಂಗಳವಾರ ಹೀಗೆ, ಬುಧವಾರವೂ ಹೀಗೆ. ಮೆತ್ತಗಾದ ಹಣ್ಣನ್ನು ಮೂರು ಬುಟ್ಟಿ ತಿಪ್ಪೆಗೆ ಸುರಿದು, ಗುರುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. “ನೀನು ಅಲ್ಲಿ ಬರೀತೀಯಲ್ಲಪ್ಪ. ನಡಿ.”

ಗುಂಪುಗಳಿಗೆ ಸುದ್ದಿ ಕಳಿಸುವ ವಿಭಾಗದ ಮುಖ್ಯಸ್ಥ ಬ್ಲೆಸ್‌ಮೋರ್ ಎಂಬ ನಲವತ್ತರ ಆಸಾಮಿ. ಕುರ್ಚಿ ಹಾಕಿಸಿದ, ಚಹಾ ತರಿಸಿದ, ನಯವಾಗಿಯೇ ಹೇಳಿದ: “ಅಮ್ಮಾ, ಒಳಗೆ ಸ್ಪಷ್ಟವಾಗಿ ಬರೆದಿದ್ದೀವಿ. ಪೂರ್ತಿ ಓದ್ಬೇಕು.”

“ಬಾಗಿಲೇ ತೆರೀದಿದ್ರೆ ಒಳಗೆ ಹೋಗೋದು ಹೇಗೆ? ಉತ್ತರಾನ ಮೇಲೇ ಬರೆಯೋಕೇನು ಕಷ್ಟ?”

“ಮೇಲೇ ಬರೆದ್ರೆ ಲಿಂಕ್ ಯಾರು ಒತ್ತುತಾರೆ? ಈ ವಾರ ಅತಿ ಹೆಚ್ಚು ಜನ ಒತ್ತಿದ ಸುದ್ದಿ ನಿಮ್ಮದೇ ಅಮ್ಮಾ!” ಮಗನ ಅಂಕಪಟ್ಟಿ ತೋರಿಸುವ ಅಪ್ಪನ ಹಾಗೆ ಗೋಡೆಯ ಪರದೆ ತೋರಿಸಿದ.

“ಒತ್ತಿದೋರು ಯಾರು?”

“ಲಂಡನ್, ಜೋಹಾನ್ಸ್‌ಬರ್ಗ್‌ನಲ್ಲಿರೋ ನಮ್ಮವರೇ ಜಾಸ್ತಿ.”

“ಅವರು ನನ್ನ ಟೊಮೆಟೊ ತಿಂತಾರಾ?”

ಬ್ಲೆಸ್‌ಮೋರ್ ನನ್ನ ಮುಖ ನೋಡಿದ. ನಾನು ಚಹಾ ನೋಡಿದೆ.

“ನೋಡಪ್ಪ, ನಾನು ಕೊಂಡೋರಿಗೆ ಕೊಸರು ಹಾಕ್ತೀನಿ. ನೀನು ಮಾಲೇ ಕೊಡಲ್ಲ, ಬರೀ ಕೂಗ್ತೀಯ.”

ಅಷ್ಟು ವರ್ಷ ಆ ಕಚೇರಿಗೆ ಹೋಗಿ ಬಂದು ನಾನು ಮಾಡಿದ ಒಂದೇ ಉಪಯುಕ್ತ ಕೆಲಸ ಆಗ ಮಾಡಿದೆ: ಕಚೇರಿಯ ವೈಫೈ ಪಾಸ್‌ವರ್ಡನ್ನು ಆಕೆಯ ಫೋನಿಗೆ ಹಾಕಿಕೊಟ್ಟೆ. ಸೋಮವಾರದಿಂದ ತಿರುಗುತ್ತಿದ್ದ ಚಕ್ರ ನಿಂತಿತು. ಸುದ್ದಿ ತೆರೆಯಿತು. ಉತ್ತರ ಆರನೆಯ ಪ್ಯಾರಾದಲ್ಲಿತ್ತು: ಮಾರುಕಟ್ಟೆಯ ನೀರು, ತರಕಾರಿ ಎರಡನ್ನೂ ಪರೀಕ್ಷಿಸಲಾಗಿದೆ, ಯಾವ ದೋಷವೂ ಇಲ್ಲ.

ಮಾಯಿ ಕನ್ನಡಕ ಏರಿಸಿದಳು. ಬೈಯಲಿಲ್ಲ, ಅಳಲಿಲ್ಲ. ವಾಟ್ಸಾಪ್ ತೆರೆದು ಧ್ವನಿಮುದ್ರಣದ ಗುಂಡಿ ಒತ್ತಿ, ಚರ್ಚಿನಲ್ಲಿ ಪಾಠ ಓದುವ ಹಾಗೆ, ಆ ಪ್ಯಾರಾವನ್ನು ಗಟ್ಟಿಯಾಗಿ ಓದತೊಡಗಿದಳು. ಧ್ವನಿ ಸಂದೇಶ ಅಗ್ಗದ ಪ್ಯಾಕಿನಲ್ಲೂ ಕೇಳುತ್ತದಲ್ಲ!

“ಅಮ್ಮಾ, ಎಲ್ಲಾ ನೀವೇ ಓದಿ ಕಳಿಸಿಬಿಟ್ರೆ ನಮ್ಮ ಲಿಂಕ್ ಯಾರು ಒತ್ತೋದು?” ಎಂದು ಬ್ಲೆಸ್‌ಮೋರ್ ಅಂಗಲಾಚಿದ. ಅದೂ ಧ್ವನಿಮುದ್ರಣವಾಯಿತು. ಚರ್ಚಿನ ತಾಯಂದಿರ ಗುಂಪು, ಮಾರುಕಟ್ಟೆಯ ಗುಂಪು, ಶವಸಂಸ್ಕಾರ ಸಂಘದ ಗುಂಪು, ಎಲ್ಲಕ್ಕೂ ಹೋಯಿತು.

ಶುಕ್ರವಾರ ಹತ್ತು ಗಂಟೆಯೊಳಗೆ ಗೋಪುರಗಳೆಲ್ಲ ಗಿರಾಕಿಗಳ ಚೀಲ ಸೇರಿ ಕರಗಿದವು. ತಿಪ್ಪೆಗೆ ಹೋದ ಮೂರು ಬುಟ್ಟಿಯ ಬಗ್ಗೆ ಪತ್ರಿಕೆ ಚಕಾರವೆತ್ತಲಿಲ್ಲ. ನಾನು ಬರೆದೆ. ಏನು ಬರೆದು ಏನು? ನನ್ನ ಸಿಟ್ಟೂ ಅದೇ ಲಿಂಕಿನ ಹಿಂದೆ ಬೀಗ ಜಡಿದುಕೊಂಡು ಕೂತಿದೆ.

ಶನಿವಾರ ಮಾಯಿ ಗರಿಕಾಯಿ ಫೋನ್ ಹಿಡಿದು ಓಡಿ ಬಂದಳು. ಪತ್ರಿಕೆಯ ಹೊಸ ಸಾಲು: ‘ಊರೆಲ್ಲ ಹಬ್ಬಿದ ಸಕುಬ್ವಾ ಮಹಿಳೆಯ ಧ್ವನಿ: ಆಕೆ ಮಾಡಿದ್ದೇನು?’

“ಮಾಯಿ, ಒತ್ತಿ ಒತ್ತಿ ಬೆರಳು ಸವೀತು, ತೆರೀತಿಲ್ಲ. ಏನ್ ಮಾಡ್ಕೊಂಡ್ರಿ? ಪೊಲೀಸ್ ಗಿಲೀಸ್ ಬಂದಿದ್ರಾ?”

ಮಾಯಿ ಶುವಾಯಿ ಒರೆಸುತ್ತಿದ್ದ ಹಣ್ಣನ್ನು ಕೆಳಗಿಟ್ಟಳು. ನಿಟ್ಟುಸಿರು ಬಿಟ್ಟು, ಧ್ವನಿಮುದ್ರಣದ ಗುಂಡಿ ಒತ್ತಿ, ಫೋನನ್ನು ಮತ್ತೆ ಬಾಯಿಯ ಹತ್ತಿರ ತಂದಳು.