ಒಂದು ಸೇರು ತೌಡಿನ ಹೆಸರು

ಬೂದಿಕೋಟೆ ಹತ್ತಿರದ ಆ ಹಳ್ಳಿಯ ಡೇರಿಯಲ್ಲಿ ಬೆಳಗ್ಗೆ ಹಾಲು ಹಾಕಲು ನಿಲ್ಲುವ ಹೆಂಗಸರ ಸಾಲಿನಲ್ಲಿ ತೌಡಮ್ಮ ಎಂಬ ಹೆಸರಿನವಳು ಒಬ್ಬಳೇ. ಸೆಕ್ರೆಟರಿಯಾಗಿ ಹೊಸದಾಗಿ ಬಂದ ಅಂಬರೀಶ್ ಮೊದಲ ದಿನ ಪುಸ್ತಕದಲ್ಲಿ ಆ ಹೆಸರು ನೋಡಿ ತಲೆಯೆತ್ತಿದ್ದ. ಹಸುವಿಗೆ ಹಾಕ್ತಾರಲ್ಲ, ಆ ತೌಡಾ ಎಂದು ಕೇಳಿದ್ದ. "ಊನಪ್ಪಾ, ಅದೇ ತೌಡು. ಕ್ಯಾನ್ ಇಡ್ಕೋ, ಬಸ್ಸಿಗೆ ಒತ್ತಾಯ್ತದೆ" ಎಂದಿದ್ದಳು ಅವಳು. ಸಾಲಿನಲ್ಲಿದ್ದವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಲವತ್ತೇಳು ವರ್ಷ ಆ ಹೆಸರನ್ನು ಹೊತ್ತವಳಿಗೆ ಯಾರು ಎಲ್ಲಿ ನಗುತ್ತಾರೆಂದು ಮೊದಲೇ ಗೊತ್ತಿರುತ್ತದೆ.

ಮಗಳು ಚಂದನ ಬಾಣಂತನಕ್ಕೆ ಬಂದಿದ್ದಾಗ ಮೊಬೈಲ್ ಹಿಡಿದು ಮಗುವಿಗೆ ಹೆಸರು ಹುಡುಕುತ್ತಿದ್ದಳು. ಒಂದೊಂದು ಹೆಸರಿನ ಮುಂದೆಯೂ ಅದು ಎಲ್ಲಿಂದ ಬಂತು, ಅರ್ಥವೇನು, ಎಷ್ಟು ಜನ ಇಟ್ಟಿದ್ದಾರೆ ಎಂದೆಲ್ಲ ಅದರಲ್ಲಿ ಬರೆದಿತ್ತು. ತಮಾಷೆಗೆಂದು ಅಮ್ಮನ ಹೆಸರನ್ನೂ ಹಾಕಿ ನೋಡಿದಳು. ಏನೂ ಬರಲಿಲ್ಲ.

"ನಿನ್ನೆಸ್ರು ಇದ್ರಲ್ಲಿ ಇಲ್ವೇ ಇಲ್ಲ ಕಣಮ್ಮ."

"ಅದ್ರಲ್ಲಿ ಯಾಕಿರ್ತದೆ? ಮಾರಿಕುಪ್ಪಂನಾಗೆ ಮಾರಿಯಮ್ಮನ ಮನೆ ಬಾಗ್ಲತ್ರ ಓಗಿ ಕೇಳು, ಅಲ್ಲಿರ್ತದೆ."

ಮಗುವಿಗೆ ಲಿಖಿತ ಎಂದು ಹೆಸರಾಯಿತು. ಆ ಬೀದಿಯಲ್ಲೇ ಅದು ಮೂರನೆಯ ಲಿಖಿತ.

ತೌಡಮ್ಮನ ತೌರುಮನೆ ಮಾರಿಕುಪ್ಪಂ ಪಕ್ಕದ ಹಳ್ಳಿ. ತಾಯಿ ಮಂಗಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಗಣಿ ಕೆಲಸದವರ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಆರು ವರ್ಷದಲ್ಲಿ ಮೂರು ಮಕ್ಕಳನ್ನು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟಳು. ಮೊದಲನೆಯದು ಮೂರು ತಿಂಗಳಿಗೆ, ಎರಡನೆಯದು ನೀರು ಹಾಕುವ ದಿನವೇ, ಮೂರನೆಯದು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಹೋಯಿತು. ನಾಲ್ಕನೆಯದು ಹೆಣ್ಣು. ಹುಟ್ಟಿದಾಗ ಮಂಗಮ್ಮ ಅದರ ಮುಖ ನೋಡಲಿಲ್ಲ. ದೃಷ್ಟಿಬೊಟ್ಟು ಇಡಲೂ ಬಿಡಲಿಲ್ಲವಂತೆ; ಬೊಟ್ಟಿಟ್ಟರೆ ಯಾರಿಗೋ ಬೇಕಾದ ಮಗು ಎಂದು ತೋರಿಸಿಕೊಟ್ಟಂತಾಗುತ್ತದಲ್ಲ.

ಆ ಕಡೆ ಆಗ ಒಂದು ಪದ್ಧತಿ ಇತ್ತು. ಮಕ್ಕಳು ಉಳಿಯದ ತಾಯಿ ಹೊಸ ಮಗುವನ್ನು, ಹೆತ್ತ ಮಕ್ಕಳೆಲ್ಲ ಉಳಿದ ಮಕ್ಕಳೊಂದಿಗಳ ಮನೆಗೆ ಕೊಂಡೊಯ್ದು ಒಂದು ಸೇರು ತೌಡಿಗೆ ಕೊಟ್ಟುಬಿಡಬೇಕು. ಮಗು ಅವತ್ತಿಂದ ಅವಳದು. ಸಾವು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಈ ತಾಯಿಗೆ ಮಗುವೇ ಇಲ್ಲ. ಇರುವುದು ಯಾರದೋ ಮಗು, ಅದರ ಬೆಲೆಯೂ ದನದ ಮೇವಿನಷ್ಟು. ಹಾಗೆ ಕೊಟ್ಟ ಹೆಣ್ಣಿಗೆ ತೌಡಮ್ಮ, ಗಂಡಿಗೆ ತೌಡಪ್ಪ. ಒಂದು ಕಾಲಕ್ಕೆ ಊರಿಗೊಬ್ಬರಾದರೂ ಇರುತ್ತಿದ್ದರು. ಆಸ್ಪತ್ರೆ, ಚುಚ್ಚುಮದ್ದು ಬಂದು ಮಕ್ಕಳು ಉಳಿಯತೊಡಗಿದ ಮೇಲೆ ಆ ಹೆಸರಿನ ಅಗತ್ಯ ಯಾರಿಗೂ ಬೀಳಲಿಲ್ಲ.

ಮಂಗಮ್ಮ ಹಾಲು ಹಾಕುತ್ತಿದ್ದ ಮನೆಗಳಲ್ಲಿ ತಮಿಳಿನ ಮಾರಿಯಮ್ಮನದೂ ಒಂದು. ಗಂಡ ಗಣಿಯೊಳಗೆ ಕೆಲಸಕ್ಕಿದ್ದ. ಹೆತ್ತ ಐದೂ ಮಕ್ಕಳು ಬಾಗಿಲ ಮುಂದೆ ಮಣ್ಣಾಡುತ್ತಿದ್ದವು. ಹನ್ನೊಂದನೆಯ ದಿನ ಮಂಗಮ್ಮ ಮಗುವನ್ನು ಮೊರದಲ್ಲಿ ಮಲಗಿಸಿಕೊಂಡು ಆ ಹೊಸ್ತಿಲಲ್ಲಿ ನಿಂತು, ಮನೇಲಿ ತೌಡಿದೆಯಾ ಎಂದು ಕೇಳಿದಳು. ಮಾರಿಯಮ್ಮನಿಗೆ ಎಲ್ಲ ಗೊತ್ತಿತ್ತು. ಬಂಗಾರಪೇಟೆಯ ಅಕ್ಕಿ ಮಿಲ್ಲಿನಿಂದ ತರಿಸಿಟ್ಟಿದ್ದ ತೌಡನ್ನು ಸೇರು ತುಂಬ ಅಳೆದು ಕೊಟ್ಟಳು, ಮಗುವನ್ನು ಒಳಗೆ ತೆಗೆದುಕೊಂಡಳು. ಒಂದು ಗಳಿಗೆ ಬಿಟ್ಟು ಹೊರಗೆ ಬಂದು, "ಐದು ಇಟ್ಕೊಂಡು ನಂಗೆ ಪುರುಸೊತ್ತಿಲ್ಲ ಮಂಗಮ್ಮಾ. ನನ್ ಪೊಣ್ಣನ್ನ ನೀನೇ ಸಾಕ್ಕೊಡು" ಎಂದು ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಮಂಗಮ್ಮ ಬೇರೆಯವರ ಮಗುವನ್ನು ಸಾಕಲು ಮನೆಗೆ ತಂದಳು. ತೌಡನ್ನು ಹಸುವಿಗೆ ಕಲಸಿ ಹಾಕಿದಳು.

ಮಗು ಉಳಿಯಿತು. ಅದರ ಬೆನ್ನಿಗೆ ಹುಟ್ಟಿದ ಗೋಪಿಯೂ ಉಳಿದ.

ಆದರೆ ಕೊಟ್ಟ ಮಗು ಹೆತ್ತವಳನ್ನು ಅಮ್ಮ ಎನ್ನುವ ಹಾಗಿಲ್ಲ. ತೌಡಮ್ಮ ಮಾತು ಕಲಿತದ್ದೇ ಮಾರಿಯಮ್ಮನನ್ನು ಅಮ್ಮ, ಮಂಗಮ್ಮನನ್ನು ಅಕ್ಕ ಎಂದು ಕರೆದು. ಗೋಪಿ ದಿನಕ್ಕೆ ನೂರು ಸಲ ಅಮ್ಮಾ ಎಂದು ಕೂಗುತ್ತಿದ್ದ. ಸ್ಕೂಲಿನಲ್ಲಿ ಹುಡುಗರು, "ಲೇ ತೌಡೀ, ಸೇರ್ ಎಷ್ಟಕ್ಕೆ ಕೊಟ್ರು ನಿನ್ನ?" ಎಂದು ಕಾಡಿದರೆ ಅವಳಿಗೆ ಅಳು ಬರುತ್ತಿರಲಿಲ್ಲ, ಕಲ್ಲು ಎತ್ತಿಕೊಳ್ಳುತ್ತಿದ್ದಳು. ಅಳು ಬಂದದ್ದು ಒಂದೇ ಸಲ. ಆರು ವರ್ಷದವಳಿದ್ದಾಗ ಜ್ವರದಲ್ಲಿ ಮಲಗಿ ಮಂಗಮ್ಮನ ಸೆರಗು ಹಿಡಿದು "ಅಮ್ಮಾ" ಎಂದುಬಿಟ್ಟಿದ್ದಳು. ಮಂಗಮ್ಮ ಅಂಗೈಯಿಂದ ಅವಳ ಬಾಯಿ ಮುಚ್ಚಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದಳು. ಆಮೇಲೆ ಒಲೆಗೆ ಮೆಣಸಿನಕಾಯಿ ಹಾಕಿ ಮನೆಯೆಲ್ಲ ಘಾಟು ಮಾಡಿದಳು. ಆ ಘಾಟು ದೃಷ್ಟಿ ಓಡಿಸಲೆಂದು ತೌಡಮ್ಮನಿಗೆ ಆಗ ಗೊತ್ತಿರಲಿಲ್ಲ. ಬಾಯಿ ಮುಚ್ಚಿದ್ದಷ್ಟೇ ನೆನಪಿದೆ.

ಮದುವೆ ಹೊತ್ತಿಗೆ ಮಗಳನ್ನು ಬಿಡಿಸಿಕೊಳ್ಳಬೇಕು. ಒಂದು ಸೇರಿಗೆ ಎರಡು ಸೇರು ತೌಡನ್ನು ಕೊಂಡವಳ ಕೈಗೆ ವಾಪಸ್ ಅಳೆದು ಕೊಟ್ಟರೆ ಮಗಳು ಮತ್ತೆ ತನ್ನವಳು. ಆಗ ಅಮ್ಮ ಎಂದು ಕರೆಯಬಹುದು. ತೌಡಮ್ಮ ಅದಕ್ಕೇ ಕಾದಿದ್ದಳು. ತಂದೆ ಮುನಿನಾರಾಯಣಪ್ಪ ತೌಡು ತಂದಿಟ್ಟಿದ್ದರೂ ಮಂಗಮ್ಮ, ಮೊದಲು ಅವಳಿಗೊಂದು ಮಗು ಆಗಲಿ ಎಂದಳು. ಚಂದನ ಹುಟ್ಟಿದ ಮೇಲೆ, ಕೂಸು ನಡೆಯಲಿ ಎಂದಳು. ಅಷ್ಟರಲ್ಲಿ ಗಣಿ ಮುಚ್ಚಿತು. ಲೈನಿನ ಜನ ಚೆಲ್ಲಾಪಿಲ್ಲಿಯಾದರು, ತಂದೆ ತೀರಿಕೊಂಡರು, ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ತೌಡಮ್ಮನೂ ಕೇಳಲಿಲ್ಲ. ಎರಡು ಸೇರು ತೌಡಿನಷ್ಟೂ ತಾನು ಬೇಡವಾದೆನಲ್ಲ ಎಂಬುದನ್ನು ಒಳಗೇ ಇಟ್ಟುಕೊಂಡು ಹಸು ಕರೆದಳು, ಗಂಡನ ಕುಡಿತ ಬಿಡಿಸಿದಳು, ಮಗಳ ಮದುವೆ ಮಾಡಿದಳು.

ಈಗ ಮಂಗಮ್ಮನಿಗೆ ಲಕ್ವ ಹೊಡೆದು ಇಪ್ಪತ್ತು ದಿನ. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಹಾಗೆಂದರೆ ಏನೆಂದು ಗೋಪಿಗೂ ಗೊತ್ತಿತ್ತು, ಫೋನಿನಲ್ಲಿ ಕೇಳಿಸಿಕೊಂಡ ತೌಡಮ್ಮನಿಗೂ ಗೊತ್ತಿತ್ತು. ಅವಳು ಹೋಗಿ ಎರಡು ದಿನ ಮಲ ಮೂತ್ರ ಬಳಿದು ಬಂದಳು. ಹೊರಡುವಾಗ ಗೋಪಿಯ ಹತ್ತಿರ, ಒಂದು ಸಲ ಅಮ್ಮಾ ಅನ್ನಬೇಕು ಕಣೋ ಎಂದಳು.

"ಅನ್ನು. ಈಗ್ಯಾರು ಬ್ಯಾಡಂದವ್ರೆ?"

"ಬಿಡಿಸ್ಕೊಳ್ದೆ ಎಂಗನ್ನಲಾ? ಸಾಯೋ ಜೀವ ಎದ್ರಿಕೊಂಡ್ರೆ?"

ಅಮ್ಮ ಎನ್ನುವುದಕ್ಕೆ ಇಷ್ಟು ಯೋಚಿಸಬೇಕಾ ಎಂಬಂತೆ ಗೋಪಿ ಅವಳನ್ನು ನೋಡಿದ. ಯೋಚಿಸದೆ ಕರೆದು ಬೆಳೆದವನು ಅವನು.

ಮಂಗಳವಾರ ಬೆಳಗ್ಗೆ ಡೇರಿಗೆ ಹಾಲು ಹಾಕಿ, ಸಂಜೆಯ ಹಸುವಿನ ಕೆಲಸವನ್ನು ಇನ್ನೂ ತೌರಲ್ಲೇ ಇದ್ದ ಚಂದನಳಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬಂದಳು. ಮಿಲ್ಲಿನವನು ಎರಡೇ ಸೇರಾ, ಅಳೆಯೋಕೂ ಸಾಲಲ್ಲ ಎಂದು ಗೊಣಗಿದ. ಒಗೆದ ದಿಂಬಿನ ಚೀಲವೊಂದಕ್ಕೆ ಹಾಕಿಸಿಕೊಂಡು, ಬಾಯಿ ಕಟ್ಟಿ, ಮಾರಿಕುಪ್ಪಂ ರೈಲು ಹತ್ತಿದಳು. ಕೆಲಸಕ್ಕೆ ಹೋಗುವವರೆಲ್ಲ ಎದುರಿನ ಗಾಡಿಯಲ್ಲಿ ಬೆಂಗಳೂರಿನ ಕಡೆ ಹೋಗುತ್ತಿದ್ದರು. ಇವಳ ಡಬ್ಬಿಯಲ್ಲಿ ನಾಲ್ಕೇ ಜನ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಚೆನ್ನಾಗಿ ಜರಡಿ ಹಿಡಿದ ತೌಡು, ಬಿಸಿಲಿಗೆ ಬೆಚ್ಚಗಾಗಿ ಕೂಸಿನಷ್ಟೇ ಮೆತ್ತಗಿತ್ತು.

ಮಾರಿಯಮ್ಮ ಇನ್ನೂ ಬದುಕಿರುವುದು ಅವಳಿಗೂ ಅನುಮಾನವೇ ಆಗಿತ್ತು. ಲೈನಿನಲ್ಲಿ ಅರ್ಧ ಮನೆಗಳಿಗೆ ಛಾವಣಿ ಇರಲಿಲ್ಲ. ಆ ಮನೆಗೆ ಇತ್ತು. ಬಾಗಿಲು ತೆಗೆದದ್ದು ಆ ಐವರ ಆಮೇಲೆ ಹುಟ್ಟಿದ ಮಾರಿಯಮ್ಮನ ಕೊನೆಯ ಮಗ ಸೆಲ್ವರಾಜ್. ರಾತ್ರಿ ಪಾಳಿ ಮುಗಿಸಿ ಆಗ ತಾನೇ ಬಂದಿದ್ದ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಕುರ್ಚಿ ಒರೆಸಿ ಕೂರಿಸಿದ, ಟೀ ಇಟ್ಟ. ಗೋಡೆಯ ಮೇಲೆ ಮಾರಿಯಮ್ಮ ಪ್ಲಾಸ್ಟಿಕ್ ಹೂವಿನ ಹಾರ ಹಾಕಿಕೊಂಡು ನೋಡುತ್ತಿದ್ದಳು. ಹೋಗಿ ಹದಿಮೂರು ವರ್ಷವಾಗಿತ್ತು. ಇವಳಿಗೆ ಯಾರೂ ಹೇಳಿರಲಿಲ್ಲ.

ತೌಡಮ್ಮ ಬಂದ ಕೆಲಸ ಹೇಳಿದಳು. ಸೆಲ್ವರಾಜ್ ಚೀಲವನ್ನು ನೋಡಿದ, ಅವಳನ್ನು ನೋಡಿದ.

"ಅಕ್ಕಾ, ನಿಂಗೆ ಗೊತ್ತಿಲ್ವಾ? ನಿಮ್ಮಮ್ಮ ಬಂದಿದ್ರಲ್ಲ."

ಮಾರಿಯಮ್ಮ ಹಾಸಿಗೆ ಹಿಡಿದಾಗ ಅವಳೇ ಹೇಳಿ ಕಳಿಸಿದ್ದಳಂತೆ: ನಾನು ಹೋಗುವ ಮೊದಲು ನಿನ್ನ ಪೊಣ್ಣನ್ನು ಬಿಡಿಸಿಕೊ, ಆಮೇಲೆ ಈ ಕೈ ಇರುವುದಿಲ್ಲ ಎಂದು. ಮಂಗಮ್ಮ ತೌಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಹೊಸ್ತಿಲವರೆಗೆ ಬಂದವಳು ಒಳಗೆ ಕಾಲಿಡಲಿಲ್ಲ. ಮಾರಿಯಮ್ಮ ಮಲಗಿದ್ದಲ್ಲಿಂದ ಕೈ ಚಾಚಿ ಕರೆದಳು, ಬೈದಳು.

"ನಿಮ್ಮಮ್ಮ ಬಾಗ್ಲಲ್ಲೇ ನಿಂತು ಏನಂದ್ರು ಗೊತ್ತಾ? 'ನಿನ್ನೆಸ್ರಲ್ಲೇ ಇರ್ಲಿ ಮಾರಿಯಮ್ಮಾ. ನನ್ನೆಸ್ರಿಗೆ ಬಂದೋವು ಯಾವೂ ಉಳೀನಿಲ್ಲ' ಅಂದ್ರು. ಆಮೇಲೆ ಆ ತೌಡನ್ನ ಎದುರುಮನೆ ಆಡಿಗೆ ಆಕ್ಬಿಟ್ಟು ಓದ್ರು. ನಮ್ಮಮ್ಮ ಅವತ್ತು ಊಟ ಮಾಡ್ಲಿಲ್ಲ."

ತೌಡಮ್ಮ ಟೀ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ತನ್ನನ್ನು ಬೇಡವೆಂದು ಬಿಟ್ಟಿದ್ದಲ್ಲ ಎನ್ನುವುದು ತಿಳಿಯಿತು. ಆದರೆ ತಿಳಿದದ್ದರಿಂದ ಏನೂ ಹಗುರಾಗಲಿಲ್ಲ. ಬೇಡವಾಗಿದ್ದರೆ ಜಗಳವಾಡಬಹುದಿತ್ತು. ಇದನ್ನು ಯಾರ ಜೊತೆ ಆಡುವುದು?

ಆದರೂ ತಂದದ್ದನ್ನು ತಗೋ ಎಂದಳು. ನಾನು ತಗೊಂಡರೆ ಆಗುತ್ತೋ ಇಲ್ಲವೋ ಗೊತ್ತಿಲ್ಲ ಅಕ್ಕಾ, ಅವತ್ತು ಅಳೆದುಕೊಟ್ಟ ಕೈ ನಂದಲ್ಲ ಎಂದು ಸೆಲ್ವರಾಜ್ ಹಿಂಜರಿದ. ಕೊನೆಗೆ ಮುಖ ತೊಳೆದು ಬಂದು ಒಂದು ಬೊಗಸೆ ತೌಡು ತೆಗೆದುಕೊಂಡು ತಾಯಿಯ ಫೋಟೋ ಮುಂದೆ ಇಟ್ಟ. ಮಿಕ್ಕದ್ದನ್ನು ಮತ್ತೆ ಕಟ್ಟಿ ಅವಳ ಕೈಗೇ ಕೊಟ್ಟ. ಈ ಮನೆಯಲ್ಲಿ ಇದನ್ನು ತಿನ್ನುವವರು ಯಾರೂ ಇಲ್ಲ ಎಂದು. ಬಾಗಿಲವರೆಗೆ ಬಂದು, "ಆಯ್ತು ಅನ್ಕೋ ಅಕ್ಕಾ" ಎಂದ.

ಆಯ್ತು ಅಂದುಕೊಳ್ಳುತ್ತಲೇ ಅವಳು ತೌರಿಗೆ ನಡೆದಳು. ಎರಡು ಮೈಲಿ, ಮಟಮಟ ಮಧ್ಯಾಹ್ನದ ಬಿಸಿಲು. ದಾರಿಯುದ್ದಕ್ಕೂ ತುಟಿಯೊಳಗೆ ಆ ಶಬ್ದವನ್ನು ಹೇಳಿ ನೋಡಿದಳು. ಮಾರಿಯಮ್ಮನಿಗೆ ಎಷ್ಟೋ ಸಲ ಹೇಳಿದ್ದೇ. ಆದರೆ ಮಂಗಮ್ಮನ ಮುಖ ನೆನೆದುಕೊಂಡು ಹೇಳಿದರೆ ನಾಲಿಗೆ ದಪ್ಪವಾಗುತ್ತಿತ್ತು.

ಗೋಪಿಯ ಹೆಂಡತಿ ಸುಮಲತ ಆಗ ತಾನೇ ಗಂಜಿ ಕುಡಿಸಿ ಬಾಯಿ ಒರೆಸಿದ್ದಳು. ಇವತ್ತು ಸ್ವಲ್ಪ ಗೆಲುವಾಗವ್ರೆ, ಒಂದೆರಡು ಮಾತಾಡಿದ್ರು ಎಂದು ಹೇಳಿ ಬಟ್ಟಲು ತೊಳೆಯಲು ಹೋದಳು. ತೌಡಮ್ಮ ಚೀಲವನ್ನು ಗೋಡೆಗೊರಗಿಸಿ, ಹಾಸಿಗೆಯ ಪಕ್ಕ ಕೂತು, ತಾಯಿಯ ಸ್ವಾಧೀನವಿದ್ದ ಕೈಯನ್ನು ಹಿಡಿದುಕೊಂಡಳು. ಮಾರಿಯಮ್ಮನ ಮನೆಗೆ ಹೋಗಿದ್ದೆ, ಎರಡು ಸೇರು ಕೊಟ್ಟೆ, ಅವರ ಮಗ ತಗೊಂಡ, ಎಲ್ಲ ಆಯಿತು ಎಂದು ನಿಧಾನಕ್ಕೆ ಕಿವಿಯ ಹತ್ತಿರ ಹೇಳಿದಳು. ಮಂಗಮ್ಮ ಕೇಳಿಸಿಕೊಂಡಂತೆ ಕಂಡಳು. ಕಣ್ಣು ತೆರೆದೇ ಇದ್ದವು.

"ಅಮ್ಮಾ" ಎಂದಳು ತೌಡಮ್ಮ.

ಮಂಗಮ್ಮನ ಕೈ ಅವಳ ಕೈಯಿಂದ ಬಿಡಿಸಿಕೊಂಡಿತು. ಮುಖವನ್ನು ಕಷ್ಟಪಟ್ಟು ಬಾಗಿಲ ಕಡೆ ಹೊರಳಿಸಿದಳು. ಸೊಟ್ಟಗಾಗಿದ್ದ ಬಾಯಿಂದ ತೊದಲಿದರೂ ಮಾತು ಬಿಡಿಬಿಡಿಯಾಗಿ ಕೇಳಿಸಿತು.

"ಮಾರಿಯಮ್ಮಾ... ನಿನ್ ಮಗ್ಳು ಕೂಗ್ತಾವ್ಳೆ. ಓ ಅನ್ನೇ."

ಬಾಗಿಲಲ್ಲಿ ಯಾರೂ ಇರಲಿಲ್ಲ. ಬುದ್ಧಿ ಎಲ್ಲೋ ಹೋಗಿ ಆಡಿದ ಮಾತೋ, ಇಷ್ಟು ವರ್ಷ ಕಾದ ಎಚ್ಚರಿಕೆಯೋ, ಹೇಳುವವರಿಲ್ಲ. ಮಂಗಮ್ಮ ಬಾಗಿಲನ್ನೇ ನೋಡುತ್ತಿದ್ದಳು, ಉತ್ತರ ಬರಲಿಲ್ಲವೆಂದು ಕಂಗಾಲಾಗಿ. ಆ ಕಣ್ಣು ನೋಡಲಾರದೆ ತೌಡಮ್ಮನೇ "ಓ" ಎಂದಳು. ಆಗ ಮಂಗಮ್ಮ ಸಮಾಧಾನವಾಗಿ ಕಣ್ಣು ಮುಚ್ಚಿದಳು.

ಅದೇ ಕೊನೆಯ ಮಾತು. ಗುರುವಾರ ಹಾಲು ಕರೆಯುವ ಹೊತ್ತಿಗೆ ಉಸಿರು ನಿಂತಿತು.

ಮಣ್ಣು ಮಾಡುವ ಮೊದಲು ಬಾಯಿಗೆ ಅಕ್ಕಿ ಹಾಕಲು ಒಬ್ಬೊಬ್ಬರನ್ನೇ ಕರೆದರು. ಕುಲದ ಹಿರಿಯ ಮುನಿಸ್ವಾಮಪ್ಪ ಮೊದಲು ಗೋಪಿಯನ್ನು ಕರೆದ. ಆಮೇಲೆ ಸುಮಲತಳನ್ನು, ಮೊಮ್ಮಕ್ಕಳನ್ನು, ಓರಗಿತ್ತಿಯರನ್ನು ಕರೆದ. ತೌಡಮ್ಮನ ಸರದಿ ಮಂಗಮ್ಮನ ಅಕ್ಕತಂಗಿಯರ ಜೊತೆ ಬಂತು. ಮುನಿಸ್ವಾಮಪ್ಪನಿಗೆ ಎಂಬತ್ತರ ಮೇಲೆ, ಮೊರದ ವಿಷಯ ನೆನಪಿದ್ದವನು ಅವನೊಬ್ಬನೇ. ತಪ್ಪು ಮಾಡಲಿಲ್ಲ, ಇದ್ದ ಹಾಗೆಯೇ ಕರೆದ. ಗೋಪಿ ಏನೋ ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ತಲೆಯಾಡಿಸಿದಳು.

ಅಕ್ಕಿ ಹಾಕಿ ಬಗ್ಗಿದಾಗ ದುಃಖ ಕಟ್ಟೆಯೊಡೆಯಿತು. ಬಾಯಿಂದ ಬಂದದ್ದು "ಅಕ್ಕಾ" ಎಂದೇ. ಬೇರೆ ಶಬ್ದ ಬರಲಿಲ್ಲ. ಬಂದಿದ್ದರೂ ಅವಳು ತಡೆಯುತ್ತಿದ್ದಳು. ಹೋಗುವ ಜೀವ ಹಿಂತಿರುಗಿ ಬಾಗಿಲು ನೋಡಬಾರದು.

ಜಗಲಿಯ ಮೇಲೆ ಅವಳ ಪಕ್ಕ ನವ್ಯ ಬಂದು ಕೂತಳು. ಹೋದ ತಿಂಗಳಷ್ಟೇ ಆ ಕುಲಕ್ಕೆ ಮದುವೆಯಾಗಿ ಬಂದ ಹುಡುಗಿ, ಯಾರು ಯಾರಿಗೇನಾಗಬೇಕೆಂದು ಇನ್ನೂ ಗೊತ್ತಿಲ್ಲ. ನೀರಿನ ಲೋಟ ಕೊಟ್ಟು ಮೆಲ್ಲಗೆ ಕೇಳಿದಳು.

"ತೀರ್ಕೊಂಡೋರು ನಿಮ್ಗೆ ಸ್ವಂತ ಅಕ್ಕನಾಗ್ಬೇಕಾ?"

ಗೋಡೆಯ ಪಕ್ಕದಿಂದ ಯಾರೋ ಚೀಲ ತೆಗೆದು ಕೊಟ್ಟಿಗೆಯಲ್ಲಿಟ್ಟಿದ್ದರು. ಅವತ್ತು ಇಡೀ ದಿನ ಯಾರೂ ನೋಡಿಕೊಳ್ಳದ ಗೋಪಿಯ ಹಸು ಅದರ ಬಾಯಿಗೆ ಮೂತಿ ಹಾಕಿ ತೌಡು ತಿನ್ನುತ್ತಿತ್ತು. ತೌಡಮ್ಮ ಅದನ್ನೇ ನೋಡುತ್ತಿದ್ದಳು.

"ಊನಮ್ಮ" ಎಂದಳು. "ನಮ್ಮಕ್ಕ."